ಹ್ಯಾಲಿಫ್ಯಾಕ್ಸಿನ ಅಡುಗೆಮನೆಯಲ್ಲಿ ತೊಳೆದ ಕೋಳಿ

ಪ್ರವಾಸ ಹೇಗಿತ್ತು ಎಂದು ಕೇಳಿದವರಿಗೆಲ್ಲ ನಾನು ಸಮುದ್ರದ ವಿಷಯ ಹೇಳಿದ್ದೇನೆ. ಮಂಜು ಇಳಿದಾಗ ಬಂದರಿನ ಹಡಗುಗಳು ಕರು ಕಳೆದುಕೊಂಡ ಎಮ್ಮೆಯ ಹಾಗೆ ಕೂಗುತ್ತವೆ ಎಂದಿದ್ದೇನೆ. ಅದೆಲ್ಲ ನಿಜ. ಆದರೆ ಈಗಲೂ ಕೆಲಸದ ನಡುವೆ ನನ್ನ ಕೈ ಸುಮ್ಮನೆ ನಿಂತುಬಿಡುತ್ತದೆ. ಆಗ ಕಣ್ಣ ಮುಂದೆ ಬರುವುದು ಒಂದು ಸ್ಟೀಲ್ ಸಿಂಕು, ಅದರ ಪಕ್ಕದಲ್ಲಿ ತಂತಿ ಬುಟ್ಟಿಯಲ್ಲಿಟ್ಟ ಹಸಿರು ಎಲೆಗಳು. ಸಮುದ್ರದ ಕಥೆ ಹೇಳಿ ಹೇಳಿ ಸಾಕಾಗಿದೆ. ಈಗ ಸಿಂಕಿನ ಕಥೆ ಬರೆಯುತ್ತೇನೆ.

ನನ್ನೂರು ಗುಬ್ಬಿ ತಾಲ್ಲೂಕಿನ ಚೇಳೂರು. ಸೂಕ್ಷ್ಮಜೀವಿಶಾಸ್ತ್ರ ಓದಿ ತುಮಕೂರಿನ ಒಂದು ಸಣ್ಣ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಅಂಗಡಿಗಳಲ್ಲಿ ಮಾರುವ ಕೋಳಿ, ಕುರಿ, ಮೀನು, ಸಿಗಡಿಗಳನ್ನು ಗಿರಾಕಿಯ ಹಾಗೆ ಕೊಂಡು ತರುವುದು, ಅವುಗಳ ಮೇಲಿರುವ ಬ್ಯಾಕ್ಟೀರಿಯಾಗಳಿಗೆ ಯಾವ ಔಷಧ ನಾಟುತ್ತದೆ, ಯಾವುದು ನಾಟುವುದಿಲ್ಲ ಎಂದು ನೋಡುವುದು ನಮ್ಮ ಕೆಲಸ. ಕೆನಡಾದ ಹ್ಯಾಲಿಫ್ಯಾಕ್ಸ್ ಎಂಬ ಕಡಲೂರಿನಲ್ಲಿ ಇದನ್ನೇ ವರ್ಷಗಳಿಂದ ಮಾಡುವ ಲ್ಯಾಬ್ ಇದೆ. ಆರು ವಾರ ಇದ್ದು ಕಲಿತು ಬಾ ಎಂದು ನನ್ನನ್ನು ಕಳಿಸಿದರು.

ಹ್ಯಾಲಿಫ್ಯಾಕ್ಸ್, ಮೊದಲ ವಾರ

ಬಂದಿಳಿದ ಮರುದಿನವೇ ರಸ್ತೆ ದಾಟಲು ಸೋತೆ. ತುಮಕೂರಿನ ಶಿರಾ ಗೇಟಿನಲ್ಲಿ ಎಂಟು ವರ್ಷ ರಸ್ತೆ ದಾಟಿದವಳು ನಾನು. ಅಲ್ಲಿ ಒಂದು ಕೈ ಚಾಚಿ, ಲಾರಿಯವನ ಮುಖ ನೋಡದೆ ಹೆಜ್ಜೆ ಇಟ್ಟರೆ ದಾರಿ ತಾನಾಗಿ ಬಿಡುತ್ತದೆ. ಇಲ್ಲಿ ಫುಟ್‌ಪಾತಿನ ಅಂಚಿಗೆ ಬಂದು ನಿಂತ ಕೂಡಲೇ ಎರಡೂ ಕಡೆಯ ಕಾರುಗಳು ನಿಂತವು. ಯಾಕೆ ನಿಂತವೆಂದು ತಿಳಿಯದೆ, ಅವು ಹೋಗಲಿ ಎಂದು ನಾನೂ ನಿಂತೆ. ಕೊನೆಗೆ ಒಬ್ಬ ಮುದುಕ ಕಾರಿನ ಗಾಜು ಇಳಿಸಿ, "ಅಮ್ಮಾ, ನೀವು ದಾಟಿದರೆ ನಾವೆಲ್ಲ ಮನೆಗೆ ಹೋಗಬಹುದು" ಎಂದ.

ಅಲ್ಲಿನ ಬಸ್ಸಿನಲ್ಲಿ ಇಳಿಯುವವರೆಲ್ಲ ಡ್ರೈವರಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ. ಸಣ್ಣ ಮಕ್ಕಳು ಕೂಡ. ನಮ್ಮ ಚೇಳೂರು ಬಸ್ಸಿನಲ್ಲಿ ಹಾಗೆ ಹೇಳಿದರೆ ಡ್ರೈವರು "ಯಾಕಮ್ಮ, ಏನಾಯ್ತು?" ಎಂದು ಗಾಬರಿಯಾಗುತ್ತಾನೆ. ನಾನೂ ಹೇಳಲು ಕಲಿತೆ. ಎಷ್ಟೋ ದಿನ ಲ್ಯಾಬಿನ ಹೊರಗೆ ನಾನು ಬಾಯಿ ತೆರೆದು ಆಡಿದ ಮಾತು ಅದೊಂದೇ ಆಗಿರುತ್ತಿತ್ತು. ಗುಬ್ಬಿಗೆ ಹೋಗುವ ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸು ಯಾವೂರು, ಯಾರ ಮಗಳು, ಮದುವೆ ಆಯ್ತಾ, ಆಗಿಲ್ವಾ, ಯಾಕೆ ಆಗಿಲ್ಲ ಎಂದು ಬಿಡಿಸಿ ಬಿಡಿಸಿ ಕೇಳುವಾಗ ನಾನು ಕಿಟಕಿಯ ಕಡೆ ತಿರುಗಿಬಿಡುತ್ತಿದ್ದೆ. ಇಲ್ಲಿ ಎರಡನೇ ವಾರದ ಹೊತ್ತಿಗೆ ಪಕ್ಕದವರು ಏನಾದರೂ ಕೇಳಲಿ ಎಂದು ಅವರ ಕಡೆಗೇ ತಿರುಗಿ ಕೂರುತ್ತಿದ್ದೆ. ಯಾರೂ ಕೇಳಲಿಲ್ಲ.

ಲ್ಯಾಬಿನವರು ನನಗೆ ಒಂದು ಮನೆಯ ಮಹಡಿಯ ಕೋಣೆ ಗೊತ್ತು ಮಾಡಿದ್ದರು. ಮನೆಯೊಡತಿ ಐರೀನ್‌ಗೆ ಎಪ್ಪತ್ತನಾಲ್ಕು ವರ್ಷ. ಮೂವತ್ತು ವರ್ಷ ಶಾಲೆಯ ಬಸ್ ಓಡಿಸಿ ನಿವೃತ್ತರಾದವರು. ಮಗಳು ಲಿಂಡಾ ಅದೇ ಊರಿನ ಇನ್ನೊಂದು ತುದಿಯಲ್ಲಿ ಇದ್ದಳು, ಭಾನುವಾರ ಬಂದು ಹೋಗುತ್ತಿದ್ದಳು.

ಮೂರನೇ ದಿನ ಸಾರಿಗೆ ಒಗ್ಗರಣೆ ಹಾಕಿದೆ. ಸಾಸಿವೆ ಸಿಡಿದು ಮೆಣಸಿನಕಾಯಿ ಕೆಂಪಾಗುವಷ್ಟರಲ್ಲಿ ಚಾವಣಿಯಲ್ಲಿದ್ದ ಹೊಗೆಯ ಅಲಾರಾಂ ಕಿರುಚತೊಡಗಿತು. ನಾನು ಬಾಣಲೆ ಹಿಡಿದುಕೊಂಡು ಹೊರಗೆ ಓಡಿದೆ. ಐರೀನ್ ಕುರ್ಚಿ ಹತ್ತಿ, ಪೊರಕೆಯ ಹಿಡಿಯಿಂದ ಅದನ್ನು ಒತ್ತಿ ಸುಮ್ಮನಾಗಿಸಿದರು.

"ಬೆಂಕಿಯೇ ಇಲ್ಲದೆ ಇಷ್ಟು ಹೊಗೆ ಹೇಗೆ ಎಬ್ಬಿಸಿದೆ?" ಎಂದರು, ಕೆಮ್ಮುತ್ತ, ನಗುತ್ತ.

ಅಂದಿನಿಂದ ನಾನು ಒಗ್ಗರಣೆ ಹಾಕುವಾಗ ಅವರು ಅಲಾರಾಂ ಕೆಳಗೆ ಕುರ್ಚಿ ಹಾಕಿಕೊಂಡು ಟವೆಲ್ಲಿನಿಂದ ಗಾಳಿ ಬೀಸುತ್ತಿದ್ದರು. "ಡ್ರೈವರ್ ರೆಡಿ, ಹೊರಡು" ಎನ್ನುತ್ತಿದ್ದರು. ಆ ಹತ್ತು ನಿಮಿಷಕ್ಕಾಗಿ ನಾನು ಇಡೀ ದಿನ ಕಾಯುತ್ತಿದ್ದೆ.

ಅಂಗಡಿಗಳು

ಪ್ರತಿ ವಾರ ಲ್ಯಾಬಿನ ಕಂಪ್ಯೂಟರ್ ಊರಿನ ಕೆಲವು ಬಡಾವಣೆಗಳನ್ನು ಚೀಟಿ ಎತ್ತಿದ ಹಾಗೆ ಆರಿಸುತ್ತಿತ್ತು. ಅಲ್ಲಿನ ದಿನಸಿ ಅಂಗಡಿಗಳಿಗೆ ಹೋಗಿ ಕೋಳಿ, ಹಂದಿ, ದನದ ಮಾಂಸ, ಸಾಲ್ಮನ್ ಮೀನು, ಸಿಗಡಿಯ ಪ್ಯಾಕೆಟ್ಟು ತರಬೇಕು. ಅಂಗಡಿಯವರಿಗೆ ನಾವು ಯಾರೆಂದು ತಿಳಿಯಬಾರದು. ತಿಳಿದರೆ ಒಳ್ಳೆಯದನ್ನು ಆರಿಸಿ ಕೊಡುತ್ತಾರೆ, ಆಗ ಜನ ನಿಜವಾಗಿ ತಿನ್ನುವುದರ ಲೆಕ್ಕ ಸಿಗುವುದಿಲ್ಲ.

ಹ್ಯಾಲಿಫ್ಯಾಕ್ಸಿನಲ್ಲಿ ಇದು ಬಹಳ ಸುಲಭ. ಯಾರೂ ಯಾರನ್ನೂ ನೋಡುವುದಿಲ್ಲ. ದೊಡ್ಡ ಅಂಗಡಿಯಲ್ಲಿ ಬಿಲ್ ಮಾಡುವ ಯಂತ್ರಕ್ಕೆ ನಾವೇ ಪ್ಯಾಕೆಟ್ ತೋರಿಸಿ ಹೊರಬರಬಹುದು. ಕೋಳಿಗೆ ತಲೆಯಿಲ್ಲ, ಪುಕ್ಕವಿಲ್ಲ, ವಾಸನೆಯಿಲ್ಲ. ರಕ್ತ ಹೀರಲು ಅಡಿಯಲ್ಲಿ ಮಕ್ಕಳ ಡೈಪರಿನಂಥ ಬಿಳಿ ಪ್ಯಾಡು. ಒಂದು ದಿನ ಒಂದು ಸಿಗಡಿ ಪ್ಯಾಕೆಟ್ಟಿನ ಹಿಂದೆ ಭಾರತದ ಉತ್ಪನ್ನ ಎಂದು ಬರೆದಿತ್ತು. ಅದನ್ನು ಹಿಡಿದುಕೊಂಡು ಫ್ರೀಜರಿನ ಮುಂದೆ ಬಹಳ ಹೊತ್ತು ನಿಂತಿದ್ದೆ. ಊರಿನವರು ಯಾರೋ ಸಿಕ್ಕ ಹಾಗಾಗಿತ್ತು.

ಅದೇ ವಾರಗಳಲ್ಲಿ ತುಮಕೂರು, ಗುಬ್ಬಿ, ಕುಣಿಗಲ್ ಅಂಗಡಿಗಳಿಗೆ ನನ್ನ ಸಹೋದ್ಯೋಗಿ ನಸೀಮಾ ಒಬ್ಬಳೇ ಹೋಗುತ್ತಿದ್ದಳು. ಅವಳ ಫೋನು ಬಂದರೆ ನನಗೆ ಹಬ್ಬ.

"ಏನೇ ಶೋಭಾ, ಬದುಕಿದೀಯಾ? ಇಲ್ಲಿ ನನ್ ಮಾನ ಹೋಯ್ತು ಕಣೇ."

"ಏನಾಯ್ತೇ?"

"ಗುಬ್ಬೀಲಿ ಕೋಳಿ ಅಂಗ್ಡಿಗೆ ಹೋಗಿ, ಮೂರು ಲೆಗ್ ಪೀಸ್ ಕೊಡಿ, ಕಟ್ ಮಾಡ್ಬೇಡಿ, ತೊಳೀಬೇಡಿ, ಕವರ್‌ಗೂ ನಾನೇ ಹಾಕ್ಕೋತೀನಿ ಅಂದೆ. ಅವ್ನು ಮೇಲಿಂದ ಕೆಳಗೆ ನೋಡ್ದ. 'ಯಾಕಕ್ಕ, ನಾಯಿಗಾ?' ಅಂದ."

"ನೀನೇನಂದೆ?"

"ಹೂಂ ಅಂದೆ. ನಿಜ ಹೇಳಂಗಿಲ್ವಲ್ಲ! 'ನಾಯಿಗೆ ಯಾಕಕ್ಕ ಲೆಗ್ ಪೀಸು, ಕತ್ತು ಕಾಲು ಹಂಗೇ ಕೊಡ್ತೀನಿ ತಗೊಳಿ' ಅಂತ ಒಂದು ಕವರ್ ತುಂಬಾ ಕಟ್ಬಿಟ್ಟ. ಒಳ್ಳೇ ಮನುಷ್ಯ ಪಾಪ. ಅದನ್ನೆಲ್ಲ ಹೊತ್ಕೊಂಡು ಬಸ್ಸಲ್ಲಿ ಬಂದಿದೀನಿ. ಪಕ್ಕದೋರು ಎದ್ದೋದ್ರು."

ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಫೋನ್ ಇಟ್ಟ ಮೇಲೂ ಅದು ನಿಲ್ಲಲಿಲ್ಲ.

ಮಂಗಳವಾರದ ಸಾರು

ನಾಲ್ಕನೇ ವಾರದ ಮಂಗಳವಾರ ಒಂದು ಅಂಗಡಿಯ ಒಂದೇ ಅರೆಯಿಂದ ಎರಡು ಕೋಳಿ ಪ್ಯಾಕೆಟ್ ತೆಗೆದುಕೊಂಡೆ. ಎರಡರ ಮೇಲೂ ಒಂದೇ ದಿನದ, ಒಂದೇ ಕಾರ್ಖಾನೆಯ ಚೀಟಿ. ಒಂದು ಲ್ಯಾಬಿಗೆ. ಇನ್ನೊಂದು ಮನೆಗೆ, ಐರೀನ್‌ಗೆ ನಮ್ಮೂರ ಕೋಳಿ ಸಾರು ಮಾಡಿ ಬಡಿಸೋಣ ಎಂದು.

ಬೆಳಿಗ್ಗೆಯೇ ಚೇಳೂರಿನ ಅಮ್ಮನಿಗೆ ಫೋನ್ ಮಾಡಿ ಹೇಳಿದ್ದೆ.

"ಪ್ಯಾಕೆಟ್ ಕೋಳಿ ನಂಬಬ್ಯಾಡ ಕಣವ್ವ," ಎಂದಿದ್ದಳು. "ಕೊಯ್ದು ಎಷ್ಟ್ ದಿನ ಆಗೈತೋ ಏನೋ. ಅರಿಶಿನ ಉಪ್ಪು ಹಾಕಿ ಉಜ್ಜಿ, ನಾಕು ನೀರಲ್ಲಿ ತೊಳ್ದ್ ಬುಡು."

"ಗೊತ್ತು ಕಣಮ್ಮ."

"ಗೊತ್ತು ಅಂತೀಯ. ಹಸಿ ವಾಸ್ನೆ ಬಂದ್ರೆ ಆ ವಮ್ಮ ನಮ್ಮನ್ನ ಏನಂದ್ಕೊಂಡಾಳು?"

ಹಸಿ ಕೋಳಿಯನ್ನು ನಲ್ಲಿಯ ಕೆಳಗೆ ತೊಳೆಯಬಾರದು ಎಂದು ಲ್ಯಾಬಿನ ಮುಖ್ಯಸ್ಥ ಪೀಟರ್ ಮೊದಲ ದಿನದ ಪಾಠದಲ್ಲೇ ಹೇಳಿದ್ದರು. ತೊಳೆದರೆ ಬ್ಯಾಕ್ಟೀರಿಯಾ ಹೋಗುವುದಿಲ್ಲ, ಸಿಡಿದ ಹನಿಗಳಲ್ಲಿ ಕೈಯಳತೆ ದೂರಕ್ಕೆ ಹರಡುತ್ತದೆ. ಚೆನ್ನಾಗಿ ಬೇಯಿಸಿದರೆ ಸಾಯುತ್ತದೆ. ನಾನದನ್ನು ನೋಟ್‌ಬುಕ್ಕಿನಲ್ಲಿ ಬರೆದು, ಕೆಳಗೆ ಗೆರೆ ಕೂಡ ಎಳೆದುಕೊಂಡಿದ್ದೆ. ಕಾಲೇಜಿನಲ್ಲಿ ಓದಿದ್ದೂ ಅದನ್ನೇ. ಆದರೆ ಓದು ತಲೆಯಲ್ಲಿತ್ತು, ಕೈ ಅಮ್ಮನದಾಗಿತ್ತು. ಲ್ಯಾಬಿನಲ್ಲಿ ಕೋಟು ಹಾಕಿಕೊಂಡಾಗ ಅದು ಸ್ಯಾಂಪಲ್ಲು. ಮನೆಯಲ್ಲಿ ಸೆರಗು ಸಿಕ್ಕಿಸಿಕೊಂಡಾಗ ಅದು ಅಡುಗೆ. ಒಂದು ಇನ್ನೊಂದಕ್ಕೆ ಅಡ್ಡ ಬರಬಹುದು ಎಂದು ನನಗೆ ಹೊಳೆಯಲೇ ಇಲ್ಲ.

ನಲ್ಲಿ ಜೋರಾಗಿ ಬಿಟ್ಟು, ಉಜ್ಜಿ, ತಿರುವಿ, ನಾಲ್ಕು ನೀರಿನಲ್ಲಿ ತೊಳೆದೆ. ಐರೀನ್ ಬಾಗಿಲಿಗೆ ಒರಗಿ ನೋಡುತ್ತಿದ್ದರು.

"ನಾವು ಪ್ಯಾಕೆಟ್ ಬಿಚ್ಚಿ ನೇರ ಬಾಣಲೆಗೆ ಹಾಕುವವರು. ನಿನ್ನ ಶುಚಿ ನೋಡಿದರೆ ನನಗೆ ನಾಚಿಕೆಯಾಗುತ್ತದೆ."

ನಾನು ಹಿಗ್ಗಿ, ಐದನೇ ಸಲ ತೊಳೆದೆ.

ಸಿಂಕಿನ ಪಕ್ಕದಲ್ಲೇ ತಂತಿ ಬುಟ್ಟಿಯಲ್ಲಿ ಅವರು ಸಲಾಡಿಗೆಂದು ಆಗಲೇ ತೊಳೆದಿಟ್ಟ ಲೆಟಿಸ್ ಎಲೆಗಳಿದ್ದವು. ಅದರ ಮೇಲೆ ನೀರಿನ ಹನಿಗಳಿದ್ದವು. ಅವು ಅವರು ತೊಳೆದ ನೀರಿನವೋ, ನಾನು ಸಿಡಿಸಿದವೋ? ಎಷ್ಟು ಸಲ ಮನಸ್ಸಿನಲ್ಲೇ ಆ ಬುಟ್ಟಿಯನ್ನು ಆಚೆ ಸರಿಸಿದ್ದೇನೋ ಲೆಕ್ಕವಿಲ್ಲ. ಎರಡು ಗೇಣು ಸರಿಸಿದ್ದರೆ ಸಾಕಿತ್ತು.

ಅವರು ಸಾರನ್ನು ಎರಡು ಸಲ ಹಾಕಿಸಿಕೊಂಡರು, ಜೊತೆಗೆ ಸಲಾಡು ತಿಂದರು. ಹಸಿ ಎಲೆ ನನಗೆ ರುಚಿಸದು. ನಾನು ಬರೀ ಅನ್ನ, ಸಾರು ತಿಂದೆ.

ಗುರುವಾರದಿಂದ ಭಾನುವಾರ

ಗುರುವಾರ ಅವರಿಗೆ ಹೊಟ್ಟೆ ಕೆಟ್ಟಿತು. ಶುಕ್ರವಾರ ಜ್ವರ ಬಂತು. ಲಿಂಡಾಳಿಗೆ ತಿಳಿಸಲೇ ಎಂದರೆ ಬೇಡವೆಂದರು. ನಲವತ್ತು ಮಕ್ಕಳನ್ನು ಮಂಜಿನಲ್ಲಿ ಶಾಲೆಗೆ ಮುಟ್ಟಿಸಿದವಳಿಗೆ ಇದೊಂದು ಲೆಕ್ಕವೇ ಎಂದರು.

ಭಾನುವಾರ ಬೆಳಿಗ್ಗೆ ಕೆಳಗೆ ಬಂದಾಗ ಅಡುಗೆಮನೆಯ ನೆಲದ ಮೇಲೆ, ಫ್ರಿಜ್ಜಿಗೆ ಒರಗಿ ಕೂತಿದ್ದರು. ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ನನ್ನನ್ನು ನೋಡಿ, "ಬಸ್ಸು ಹೊರಡಲಿಲ್ಲವಾ?" ಎಂದರು. ಅವರ ಕೈ ಹಿಡಿದೆ, ತಣ್ಣಗಿತ್ತು. ಹಣೆ ಸುಡುತ್ತಿತ್ತು.

ಆಂಬ್ಯುಲೆನ್ಸಿನವರು ಅವರ ಪೂರ್ತಿ ಹೆಸರು ಕೇಳಿದರು. ಹುಟ್ಟಿದ ದಿನ, ತೆಗೆದುಕೊಳ್ಳುವ ಮಾತ್ರೆ, ಹಿಂದಿನ ಕಾಯಿಲೆಗಳು. ನಾಲ್ಕು ವಾರ ಒಂದೇ ಒಲೆಯಲ್ಲಿ ಬೇಯಿಸಿಕೊಂಡವಳಿಗೆ ಒಂದೂ ಗೊತ್ತಿರಲಿಲ್ಲ. ಚೇಳೂರಿನಲ್ಲಾದರೆ ಅಷ್ಟು ಹೊತ್ತಿಗೆ ಅಂಗಳದ ತುಂಬ ಜನ ಸೇರಿ, ಒಬ್ಬರು ನೀರು, ಒಬ್ಬರು ಆಟೋ ಎಂದು ಓಡಾಡುತ್ತಿದ್ದರು. ಇಲ್ಲಿ ಎದುರು ಮನೆಯ ಪರದೆ ಒಂದು ಸಲ ಸರಿಯಿತು, ಮತ್ತೆ ಮುಚ್ಚಿತು.

ಆಸ್ಪತ್ರೆಗೆ ಲಿಂಡಾ ಓಡಿ ಬಂದಳು. ಹೊಟ್ಟೆಯ ಸೋಂಕು ರಕ್ತಕ್ಕೆ ಇಳಿದಿರಬಹುದು, ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಅನುಮಾನ ಇದೆ ಎಂದು ಡಾಕ್ಟರು ಹೇಳಿ, ಇಂಜೆಕ್ಷನ್ ಶುರು ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಐರೀನ್ ಸ್ವಲ್ಪ ಎಚ್ಚರವಾದರು. ಒಬ್ಬ ನರ್ಸು ಪಟ್ಟಿ ಹಿಡಿದು, ಈ ವಾರ ಏನೇನು ತಿಂದಿರಿ ಎಂದು ಕೇಳಿದಳು.

"ಬುಧವಾರ ನಬೀಲನ ಅಂಗಡಿಯ ಮೀನು," ಎಂದರು ಐರೀನ್. ಬೀದಿಯ ಕೊನೆಯಲ್ಲಿ ಕರಿದ ಮೀನು ಮಾರುವ ಲೆಬನಾನಿನವನು ನಬೀಲ್. ಅವರು ಪ್ರತಿ ಬುಧವಾರ ಅಲ್ಲಿ ತಿನ್ನುತ್ತಿದ್ದರು. "ಅದೇ ಇರಬೇಕು. ಒಂದು ಥರ ರುಚಿ ಇತ್ತು."

"ಮನೆಯಲ್ಲಿ ಹಸಿ ಮಾಂಸ ಏನಾದರೂ?"

"ಮನೆಯಲ್ಲಾ?" ಐರೀನ್ ನನ್ನ ಕಡೆ ಕೈ ತೋರಿಸಿದರು. "ಈ ಹುಡುಗಿ ಕೋಳಿ ತೊಳೆಯುವುದನ್ನು ನೀವು ನೋಡಬೇಕಿತ್ತು. ಐದು ಸಲ! ನಮ್ಮ ಮನೆಯಷ್ಟು ಶುಚಿ ಇಡೀ ಬೀದಿಯಲ್ಲಿ ಇಲ್ಲ."

ನರ್ಸು ತಲೆ ಎತ್ತಿ ನನ್ನ ಮುಖ ನೋಡಿದಳು. ನಾನು ಐರೀನ್ ಅವರ ಕೈಚೀಲವನ್ನು ಎದೆಗೆ ಅವಚಿಕೊಂಡು ನಿಂತಿದ್ದೆ. ಐದು ಎಂಬ ಮಾತು ಕಿವಿಗೆ ಬಿದ್ದಾಗ ನೋಟ್‌ಬುಕ್ಕಿನಲ್ಲಿ ನಾನೇ ಎಳೆದ ಗೆರೆ ಕಾಣಿಸಿತು. ಬಾಯಿ ತೆರೆಯಲಿಲ್ಲ. ನರ್ಸು ಪಟ್ಟಿಯಲ್ಲಿ ಮೀನು ಎಂದು ಬರೆದುಕೊಂಡು ಹೋದಳು.

ಹೊರಡುವಾಗ ಲಿಂಡಾಳನ್ನು ಕೇಳಿದೆ, ಯಾವ ಇಂಜೆಕ್ಷನ್ ಕೊಡುತ್ತಿದ್ದಾರೆ ಎಂದು. ಸೆಫ್ಟ್ರಿಯಾಕ್ಸೋನ್ ಎಂದಳು. ತುಮಕೂರಿನ ಯಾವ ನರ್ಸಿಂಗ್ ಹೋಮಿಗೆ ಹೋದರೂ ಕೇಳಿಬರುವ ಹೆಸರು.

ಸೋಮವಾರ, ಬಂದರು

ನಮ್ಮ ಕೆಲಸದಲ್ಲಿ ಒಂದು ಹಂತ ಹೀಗಿದೆ. ಮಾಂಸದಿಂದ ಬೆಳೆಸಿದ ಬ್ಯಾಕ್ಟೀರಿಯಾವನ್ನು ಒಂದು ತಟ್ಟೆಯ ತುಂಬ ಸವರಿ, ಅದರ ಮೇಲೆ ಅಂಗಿಯ ಗುಂಡಿಯಷ್ಟು ಸಣ್ಣ ಬಿಲ್ಲೆಗಳನ್ನು ಇಡುತ್ತೇವೆ. ಒಂದೊಂದು ಬಿಲ್ಲೆಯಲ್ಲೂ ಒಂದೊಂದು ಔಷಧ. ಔಷಧ ನಾಟಿದರೆ ಮರುದಿನ ಬಿಲ್ಲೆಯ ಸುತ್ತ ದುಂಡಗೆ ಬಯಲಾಗಿರುತ್ತದೆ. ನಾಟದಿದ್ದರೆ ಬಿಲ್ಲೆಯ ಬುಡದವರೆಗೂ ಬೆಳೆದುಕೊಂಡಿರುತ್ತದೆ.

ಭಾನುವಾರದ ಪಾಳಿಯವರು ಬಿಲ್ಲೆ ಇಟ್ಟಿದ್ದ ನನ್ನ ಮಂಗಳವಾರದ ಕೋಳಿಯ ತಟ್ಟೆಯನ್ನು ಸೋಮವಾರ ಮಧ್ಯಾಹ್ನ ತೆಗೆದು, ನೋಡಿದ ದಿನಾಂಕ ಬರೆದೆ. ಸಾಲ್ಮೊನೆಲ್ಲಾ. ಸೆಫ್ಟ್ರಿಯಾಕ್ಸೋನ್ ಬಿಲ್ಲೆಯ ಸುತ್ತ ಒಂದು ಕೂದಲೆಳೆಯಷ್ಟೂ ಬಯಲಿರಲಿಲ್ಲ. ಪಕ್ಕದ ಇನ್ನೊಂದು ಔಷಧದ ಸುತ್ತ ಅಗಲವಾಗಿ ಬಯಲಾಗಿತ್ತು. ಚೀಟಿ ನೋಡಿದೆ. ಅದೇ ಅಂಗಡಿ, ಅದೇ ಅರೆ, ಅದೇ ದಿನ. ಐರೀನ್ ತಟ್ಟೆಗೆ ಹೋದ ಪ್ಯಾಕೆಟ್ಟಿನ ಜೋಡಿ.

ಆಗಲೇ ಎದ್ದು ಪೀಟರ್ ಅವರ ಕೋಣೆಗೆ ಹೋಗಬೇಕಿತ್ತು. ನಡುವೆ ಇದ್ದದ್ದು ಒಂದು ಗಾಜಿನ ಬಾಗಿಲು. ನಾನು ತಟ್ಟೆಯನ್ನು ಮತ್ತೆ ಪೆಟ್ಟಿಗೆಯಲ್ಲಿಟ್ಟು, ತಲೆನೋವು ಎಂದು ಹೇಳಿ ಹೊರಬಿದ್ದೆ.

ಬಸ್ಸಿನಲ್ಲಿ ಆಸ್ಪತ್ರೆಯ ಸ್ಟಾಪ್ ಬಂತು. ಇಳಿಯಲಿಲ್ಲ. ಕೊನೆಯ ಸ್ಟಾಪಿನಲ್ಲಿ ಡ್ರೈವರಿಗೆ ಥ್ಯಾಂಕ್ಸ್ ಹೇಳಿ ಬಂದರಿನಲ್ಲಿ ಇಳಿದು, ಒಂದು ಬೆಂಚಿನ ಮೇಲೆ ಕೂತೆ. ಆ ಬ್ಯಾಕ್ಟೀರಿಯಾ, ಈ ಬ್ಯಾಕ್ಟೀರಿಯಾ ಒಂದೇ ಎಂದು ಯಾರು ಹೇಳಿದರು? ಮೀನೇ ಇರಬಹುದು. ಆಸ್ಪತ್ರೆಗೂ ಲ್ಯಾಬ್ ಇದೆಯಲ್ಲ, ಅವರೇ ಕಂಡುಹಿಡಿಯುತ್ತಾರೆ. ತೊಳೆಯಬೇಡ ಎಂದು ಪಾಠ ಹೇಳಿಸಿಕೊಂಡು ತೊಳೆದವಳು ಎಂದು ಗೊತ್ತಾದರೆ ನನ್ನನ್ನು ಕಳಿಸಿದವರ ಮುಖ ಏನಾಗಬೇಕು? ಒಂದೊಂದೂ ಸರಿಯಾದ ಕಾರಣದ ಹಾಗೆಯೇ ಕಾಣುತ್ತಿತ್ತು. ಆಗ ತುಮಕೂರಿನಲ್ಲಿ ನಡುರಾತ್ರಿ. ಯಾರಿಗಾದರೂ ಹೇಳೋಣವೆಂದರೆ ನನಗೆ ಬೇಕಾದವರಲ್ಲಿ ಎಚ್ಚರವಿದ್ದವರು ಒಬ್ಬರೂ ಇರಲಿಲ್ಲ. ಒಂದು ಕಡಲಹಕ್ಕಿ ಬಂದು, ನನ್ನ ಕೈಯಲ್ಲಿ ತಿನ್ನಲು ಏನೂ ಇಲ್ಲವೆಂದು ನೋಡಿಕೊಂಡು ಹೋಯಿತು.

ಮಂಗಳವಾರ, ಮತ್ತೆ

ಬೆಳಿಗ್ಗೆ ಆರೂವರೆಗೆ ನಸೀಮಾಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಆ ಇಂಜೆಕ್ಷನ್ ನಾಟಲ್ಲ ಅಂತ ನಿನಗೆ ಗೊತ್ತು," ಎಂದಳು. "ಯಾವ್ದು ನಾಟುತ್ತೆ ಅಂತಾನೂ ಗೊತ್ತು. ಗೊತ್ತಿದ್ದೂ ಕೂತಿದೀಯ?"

"ಭಯ ಆಗ್ತಿದೆ ಕಣೇ. ಬೈತಾರೆ."

"ಆ ಅಜ್ಜಿ ಬದುಕಿದ್ರೆ ಬೈಸ್ಕೋಬೋದು ಕಣೇ. ಸತ್ರೆ ಬೈಯೋಕೂ ಯಾರೂ ಇರಲ್ಲ. ಫೋನ್ ಇಡು, ಹೋಗು. ಮುಖ ಆಮೇಲೆ ತೊಳ್ಕೋ."

ಪೀಟರ್ ಎಂಟು ಗಂಟೆಗೆ ಬಂದರು. ಅವರ ಮೇಜಿನ ಮೇಲೆ ತಟ್ಟೆ ಇಟ್ಟು ಹೇಳಿದೆ. ಅವರು ಅರ್ಧದಲ್ಲೇ ಕೈ ಎತ್ತಿ ನನ್ನನ್ನು ತಡೆದು, "ಯಾವ ಆಸ್ಪತ್ರೆ?" ಎಂದು ಮಾತ್ರ ಕೇಳಿ ಫೋನ್ ಎತ್ತಿಕೊಂಡರು. ನಾನು ನಿಂತೇ ಇದ್ದೆ. ಎರಡು ಕಡೆ ಮಾತಾಡಿ, ತಟ್ಟೆ ನೋಡಿ ಔಷಧಗಳ ಹೆಸರು ಓದಿ ಹೇಳಿ, ಫೋನ್ ಇಟ್ಟರು.

"ಔಷಧ ಬದಲಾಯಿಸುತ್ತಿದ್ದಾರೆ. ಅವರ ಲ್ಯಾಬಿನ ವರದಿ ನಾಳೆ ಬರಬೇಕಿತ್ತು. ಒಂದು ದಿನ ಉಳಿಯಿತು."

ನಿನ್ನೆಯೇ ಹೇಳಿದ್ದರೆ ಎರಡು ದಿನ ಉಳಿಯುತ್ತಿತ್ತು ಎಂದು ಅವರು ಹೇಳಲಿಲ್ಲ. ತಟ್ಟೆಯ ಮೇಲೆ ನಾನೇ ಬರೆದ ದಿನಾಂಕ ಇಬ್ಬರಿಗೂ ಕಾಣುತ್ತಿತ್ತು.

"ಆರೋಗ್ಯ ಇಲಾಖೆಗೆ ಕೋಳಿ ಎಂದು ತಿಳಿಸುತ್ತೇನೆ," ಎಂದರು. "ಯಾರ ಕೈಯಿಂದ ಆಯಿತು ಎಂದು ಐರೀನ್‌ಗೆ ಹೇಳುವುದು ನನ್ನ ಕೆಲಸವಲ್ಲ. ಅದು ನಿನಗೆ ಬಿಟ್ಟದ್ದು."

ಹೊರಟ ದಿನ

ನನಗೆ ಹೇಳುವ ಅವಕಾಶ ಸಿಗಲಿಲ್ಲ ಎಂದು ಬಹಳ ದಿನ ನನಗೇ ಹೇಳಿಕೊಂಡೆ. ಅದೇ ಮಧ್ಯಾಹ್ನ ಅವರನ್ನು ಐಸಿಯುಗೆ ಒಯ್ದಿದ್ದರು. ಕುಟುಂಬದವರಿಗೆ ಮಾತ್ರ ಪ್ರವೇಶ. ಕಿಡ್ನಿ ಸೋಲುತ್ತಿದೆ ಎಂದು ಲಿಂಡಾ ಹೇಳುತ್ತಿದ್ದಳು. ಜ್ವರ ಇಳಿದಿದೆ, ಕಣ್ಣು ಬಿಟ್ಟಿಲ್ಲ ಎನ್ನುತ್ತಿದ್ದಳು. ಲಿಂಡಾಳಿಗಾದರೂ ಹೇಳಬಹುದಿತ್ತು. ಕಾಫಿ ಯಂತ್ರದ ಮುಂದೆ ಪಕ್ಕ ಪಕ್ಕದಲ್ಲೇ ಎಷ್ಟೋ ಸಲ ನಿಂತಿದ್ದೆವು.

ಆ ಮನೆಯಲ್ಲಿ ಇನ್ನೂ ಹನ್ನೊಂದು ದಿನ ಒಬ್ಬಳೇ ಇದ್ದೆ. ಸಿಂಕು, ಕಟ್ಟೆ, ಬುಟ್ಟಿ ಎಲ್ಲವನ್ನೂ ಬ್ಲೀಚ್ ಹಾಕಿ ಒರೆಸಿದೆ, ಮರುದಿನ ಮತ್ತೆ ಒರೆಸಿದೆ. ಒಗ್ಗರಣೆ ಹಾಕಲಿಲ್ಲ. ಟವೆಲ್ ಬೀಸುವವರಿಲ್ಲದ ಅಲಾರಾಂ ಕೆಳಗೆ ನಿಂತು ಬ್ರೆಡ್ ತಿಂದೆ. ಬೀದಿಯ ಕೊನೆಯಲ್ಲಿ ನಬೀಲನ ಅಂಗಡಿಯನ್ನು ನರ್ಸಿನ ಪಟ್ಟಿ ಹಿಡಿದು ಇಲಾಖೆಯವರು ಬಂದು ನೋಡಿ, ಏನೂ ಸಿಗದೆ ಹೋಗಿದ್ದರು. ಆದರೂ ಕುರ್ಚಿಗಳೆಲ್ಲ ಖಾಲಿ ಇರುತ್ತಿದ್ದವು. ಅವನು ಗಾಜಿನ ಹಿಂದಿನಿಂದ ನನಗೆ ಕೈ ಬೀಸುತ್ತಿದ್ದ. ನಾನು ಫೋನ್ ನೋಡುವವಳ ಹಾಗೆ ದಾಟಿ ಹೋಗುತ್ತಿದ್ದೆ.

ಹೊರಡುವ ಬೆಳಿಗ್ಗೆ ಲಿಂಡಾ ಬೀಗದ ಕೈ ತೆಗೆದುಕೊಳ್ಳಲು ಬಂದಳು. "ಅಮ್ಮ ಎದ್ದರೆ ಏನು ಹೇಳಲಿ?" ಎಂದಳು.

"ಥ್ಯಾಂಕ್ಸ್ ಹೇಳಿ," ಎಂದೆ. ಬಸ್ಸಿನಿಂದ ಇಳಿಯುವವರು ಹೇಳುವ ಹಾಗೆ.

ಗುಬ್ಬಿ, ಕುಣಿಗಲ್

ಊರಿಗೆ ಬಂದು ಮೂರು ವಾರವಾಗಿತ್ತು. ಆಸ್ಪತ್ರೆಯದೂ ನನ್ನ ತಟ್ಟೆಯದೂ ಒಂದೇ ಬ್ಯಾಕ್ಟೀರಿಯಾ ಎಂದು ಪೀಟರ್ ಒಂದು ಸಾಲಿನ ಇ-ಮೇಲ್ ಕಳಿಸಿದ್ದರು. ಐರೀನ್ ವಿಷಯ ಅದರಲ್ಲಿ ಇರಲಿಲ್ಲ. ಲಿಂಡಾಳಿಗೆ ಎರಡು ಸಲ ಬರೆದೆ. ಉತ್ತರ ಬರಲಿಲ್ಲ. ಅವರು ಇದ್ದಾರೋ ಇಲ್ಲವೋ ತಿಳಿಯದೆ ನಾನು ಬೆಳಿಗ್ಗೆ ಏಳುತ್ತಿದ್ದೆ, ಮಲಗುತ್ತಿದ್ದೆ.

ಆ ದಿನ ನಸೀಮಾ, ನಾನು ಇಬ್ಬರೂ ಸ್ಯಾಂಪಲ್ ತರಲು ಹೊರಟಿದ್ದೆವು. ಗುಬ್ಬಿಯ ಅಂಗಡಿಯವನು ಅವಳನ್ನು ಕಂಡ ಕೂಡಲೇ, "ಬನ್ನಿ ಅಕ್ಕ, ನಾಯಿ ಹೆಂಗೈತೆ?" ಎಂದ. "ದಪ್ಪ ಆಗೈತೆ," ಎಂದಳು ಅವಳು, ಮುಖ ಗಂಟು ಹಾಕಿಕೊಂಡೇ. ನನಗೆ ನಗು ಬರಲಿಲ್ಲ.

ಕುಣಿಗಲ್ಲಿನ ಅಂಗಡಿ ಮುಟ್ಟಿದಾಗ ಸಂಜೆ ಐದು. ಪಂಜರದ ತುಂಬ ಕೋಳಿಗಳು. ನಾನು ಬ್ಯಾಗಿನಿಂದ ಸ್ಯಾಂಪಲ್ ಕವರ್ ತೆಗೆದು, ಕುಣಿಗಲ್, ಕೋಳಿ, ತೊಡೆ ಎಂದು ಮಾರ್ಕರಿನಲ್ಲಿ ಬರೆಯುತ್ತಿದ್ದೆ. ಫೋನ್ ಬಂತು. ಲಿಂಡಾಳ ನಂಬರು.

"ಇದೇನು ಗಲಾಟೆ?" ಎಂದಿತು ಒಂದು ತೆಳುವಾದ ದನಿ.

ಗುರುತು ಹತ್ತಲು ಒಂದು ಕ್ಷಣ ಬೇಕಾಯಿತು. ಹತ್ತಿದ ಕೂಡಲೇ ಪಕ್ಕದ ಕಟ್ಟೆಯ ಮೇಲೆ ಕೂತೆ. "ಕೋಳಿಗಳು, ಐರೀನ್."

"ಜೀವಂತವಾಗಿವೆಯಾ?"

"ಇವೆ. ಇನ್ನೂ ಇವೆ."

ಅವರು ನಕ್ಕರು, ಕೆಮ್ಮಿದರು. ನಿನ್ನೆ ಮನೆಗೆ ಬಂದೆ ಎಂದರು. ನಾಲ್ಕು ಕಾಲಿನ ಊರುಗೋಲು ಹಿಡಿದು ಅಡುಗೆಮನೆಯವರೆಗೆ ನಡೆಯಬಲ್ಲೆ, ಕಿಡ್ನಿ ಮೊದಲಿನಂತೆ ಆಗುವುದಿಲ್ಲವಂತೆ ಎಂದರು. ಆಮೇಲೆ ದನಿ ಗಟ್ಟಿಯಾಯಿತು.

"ಡಾಕ್ಟರು ಕೋಳಿ ಎನ್ನುತ್ತಾರೆ. ನಾನು ನಂಬಿಲ್ಲ. ನಮ್ಮ ಮನೆಯ ಕೋಳಿ ನನಗೆ ಗೊತ್ತಿಲ್ಲವಾ? ಅದು ನಬೀಲನ ಮೀನೇ. ಆ ಅಂಗಡಿಗೆ ಕಾಲಿಡಬೇಡಿ ಎಂದು ಆಸ್ಪತ್ರೆಯಿಂದಲೇ ಇಡೀ ಬೀದಿಗೆ ಫೋನ್ ಮಾಡಿ ಹೇಳಿದ್ದೇನೆ."

ಅಂಗಡಿಯವನು ಕತ್ತಿ ಹಿಡಿದು ನನ್ನನ್ನೇ ನೋಡುತ್ತಿದ್ದ. ನಸೀಮಾ ನನ್ನ ಮುಖ ನೋಡಿ, ಅವನ ಮುಂದೆ ಅಡ್ಡ ನಿಂತು, "ನನಗೆ ಕೊಡಿ ಅಣ್ಣ, ಅವ್ಳು ಮಾತಾಡ್ಲಿ" ಎಂದಳು.

ಹೇಳಿದೆ. ಎಲೆಗಳ ಬುಟ್ಟಿ ಎಲ್ಲಿತ್ತು ಎಂದು ಹೇಳಿದೆ. ತೊಳೆಯಬಾರದೆಂದು ನನಗೆ ಗೊತ್ತಿತ್ತು ಎಂದೆ. ನರ್ಸಿನ ಮುಂದೆ ಸುಮ್ಮನೆ ನಿಂತದ್ದು, ಸೋಮವಾರದ ತಟ್ಟೆ, ಬಂದರಿನ ಬೆಂಚು, ಮಂಗಳವಾರದವರೆಗೆ ಬಾಯಿ ಬಿಡದೆ ಇದ್ದದ್ದು, ಯಾವುದನ್ನೂ ಬಿಡದೆ ಹೇಳಿದೆ. ಹಿಂದೆ ಒಂದು ಕೋಳಿ ಕೂಗಿ ಸುಮ್ಮನಾಯಿತು.

ಆ ಕಡೆ ಊರುಗೋಲು ನೆಲಕ್ಕೆ ತಗಲಿದ ಸದ್ದು, ಕುರ್ಚಿ ಎಳೆದ ಸದ್ದು ಕೇಳಿತು.

"ಸೋಮವಾರ ನಿನಗೆ ಗೊತ್ತಿತ್ತು."

"ಹೌದು."

"ಮಂಗಳವಾರ ಹೇಳಿದೆ."

"ಹೌದು."

"ಕಳೆದ ವಾರ ನಬೀಲ್ ಆಸ್ಪತ್ರೆಗೆ ಸೂಪ್ ತಂದಿದ್ದ," ಎಂದರು. "ಮುಚ್ಚಳ ಕೂಡ ತೆರೆಯದೆ ವಾಪಸ್ ಕಳಿಸಿದೆ. ನರ್ಸುಗಳ ಮುಂದೆ."

ನಾನು ಕವರನ್ನು ಮಡಿಲಲ್ಲಿಟ್ಟು ಮಾರ್ಕರಿನ ಮುಚ್ಚಳ ಹಾಕಿದೆ.

"ನಾನೇ ಹೋಗಿ ಹೇಳುತ್ತಿದ್ದೆ. ಈಗ ಬೀದಿಯ ಕೊನೆಯವರೆಗೆ ನಡೆಯಲಾರೆ. ನೀನೇ ಹೇಳು. ನಂಬರು ಕೊಡುತ್ತೇನೆ, ಬರೆದುಕೋ. ಅವನು ಏನೆಂದ ಎಂದು ನನಗೆ ಫೋನ್ ಮಾಡು. ನಿನ್ನ ನನ್ನ ವಿಷಯ ಆಮೇಲೆ."

ಹತ್ತಿರ ಕಾಗದ ಇರಲಿಲ್ಲ. ಕೈಯಲ್ಲಿದ್ದ ಕವರಿನ ಮೇಲೆ, ಕುಣಿಗಲ್, ಕೋಳಿ, ತೊಡೆ ಎಂದಿದ್ದುದರ ಕೆಳಗೆ ಬರೆದುಕೊಂಡೆ. ಅವರು ಒಂದೊಂದು ಅಂಕಿಯನ್ನೂ ಎರಡೆರಡು ಸಲ ಹೇಳಿದರು. ಶಾಲೆಯ ಮಕ್ಕಳನ್ನು ಎಣಿಸುವ ಹಾಗೆ.

"ಅಯ್ಯೋ, ಕವರ್ ಮೇಲೆಲ್ಲ ಯಾಕೇ ಗೀಚಿದೆ?" ಎಂದಳು ನಸೀಮಾ. "ಬದುಕಿದಾರಾ?"

"ಬದುಕಿದಾರೆ."

ಅವಳು ಬೇರೊಂದು ಕವರ್ ತೆಗೆದು, ಅದರ ಮೇಲೆ ಬರೆಯತೊಡಗಿದಳು.

ಅಲ್ಲಿ ಆಗ ಬೆಳಿಗ್ಗೆ ಎಂಟೂವರೆ ದಾಟಿತ್ತು. ನಬೀಲ್ ಅಂಗಡಿ ತೆರೆಯುವುದು ಹನ್ನೊಂದಕ್ಕೆ. ಹೆಬ್ಬೂರಿನ ಮೇಲೆ ತುಮಕೂರಿನ ಬಸ್ಸು ಹಿಡಿದೆವು. ಐಸ್ ಪೆಟ್ಟಿಗೆ ನಸೀಮಾಳ ಕಾಲ ಬಳಿ, ಕವರು ನನ್ನ ಮಡಿಲಲ್ಲಿ. ಪಕ್ಕದಲ್ಲಿ ಕೂತ ಹೆಂಗಸು ಯಾವೂರು ಎಂದು ಕೇಳಿದಳು, ಚೇಳೂರು ಎಂದೆ. ಯಾರ ಮಗಳು ಎಂದಳು, ಅದನ್ನೂ ಹೇಳಿದೆ. ಲ್ಯಾಬಿನಲ್ಲಿ ಸ್ಯಾಂಪಲ್‌ಗಳನ್ನು ಫ್ರಿಜ್ಜಿಗೆ ಇಟ್ಟು ಮುಗಿಸುವಷ್ಟರಲ್ಲಿ ಏಳೂವರೆ.

ನಂಬರು ಒತ್ತಿದೆ. ನಾಲ್ಕು ಸಲ ರಿಂಗಾದ ಮೇಲೆ ಎತ್ತಿದ. ಹಿಂದೆ ಎಣ್ಣೆ ಕಾಯುವ ಸದ್ದೂ ಇರಲಿಲ್ಲ, ಜನರ ಮಾತೂ ಇರಲಿಲ್ಲ.

"ನಬೀಲ್," ಎಂದೆ, "ನಾನು ಐರೀನ್ ಮನೆಯಲ್ಲಿದ್ದ ಹುಡುಗಿ. ನೀನು ಕೈ ಬೀಸುತ್ತಿದ್ದೆಯಲ್ಲ, ನೋಡದೆ ಹೋಗುತ್ತಿದ್ದವಳು."